ಫಿಸಿಕ್ಸ್ ಲ್ಯಾಬ್ ಮನೆಯಿಂದಲೇ ಮಾಡಬಹುದೇ? ಒಂದು ದಾರ, ಒಂದು ಬೀಗ, ಒಂದು ಫೋನ್

"ಈ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಮೊಬೈಲೇ ಫಿಸಿಕ್ಸ್ ಲ್ಯಾಬ್ ಆಗುತ್ತದೆ, ಕಾಲೇಜಿನ ಲ್ಯಾಬ್ ಬೇಕೇ ಇಲ್ಲ" ಎನ್ನುವ ಧಾಟಿಯ ಸಂದೇಶಗಳು ಆಗಾಗ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಅದರ ಕೆಳಗೇ ಯಾರಾದರೊಬ್ಬರು ಉತ್ತರ ಬರೆಯುತ್ತಾರೆ: "ಆನ್‌ಲೈನ್ ಲ್ಯಾಬ್ ಅಂದರೆ ಯೂಟ್ಯೂಬಿನಲ್ಲಿ ಅಡುಗೆ ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ." ಎರಡನೆಯದಕ್ಕೆ ನಗುವ ಎಮೋಜಿಗಳು ಜಾಸ್ತಿ.

ಎರಡೂ ಪೂರ್ತಿ ನಿಜವಲ್ಲ. ಡಿಗ್ರಿಯ ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನ ಒಂದಷ್ಟು ಭಾಗವನ್ನು ಮನೆಯಲ್ಲಿ ಚೆನ್ನಾಗಿಯೇ ಮಾಡಬಹುದು. ಕೆಲವನ್ನು ಏನು ಮಾಡಿದರೂ ಆಗುವುದಿಲ್ಲ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿಯಲು ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಲ್ಯಾಬ್ ಇರುವುದು ಏತಕ್ಕೆ?

ಲ್ಯಾಬಿಗೆ ಹೋದರೆ ಪಾಠ ಚೆನ್ನಾಗಿ ಅರ್ಥವಾಗುತ್ತದೆಯೇ?

ಹೆಚ್ಚಿನವರು ಹಾಗೇ ನಂಬಿದ್ದಾರೆ. ಕ್ಲಾಸಿನಲ್ಲಿ ಕೇಳಿದ್ದನ್ನು ಕಣ್ಣಾರೆ ನೋಡಿದರೆ ತಲೆಗೆ ಹತ್ತುತ್ತದೆ ಎನ್ನುವ ಲೆಕ್ಕಾಚಾರ. ಅಮೆರಿಕದಲ್ಲಿ ನಟಾಶಾ ಹೋಮ್ಸ್, ಕಾರ್ಲ್ ವೀಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ ನೋಡಿದರು. 3 ಸಂಸ್ಥೆಗಳ 9 ಕೋರ್ಸ್‌ಗಳಲ್ಲಿ ಲ್ಯಾಬ್ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದರು. ಲ್ಯಾಬಿಗೆ ಸಂಬಂಧಪಟ್ಟ ಪರೀಕ್ಷೆಯ ಪ್ರಶ್ನೆಗಳಲ್ಲಿ ಲ್ಯಾಬ್ ಮಾಡಿದವರು ಹೆಚ್ಚು ಅಂಕ ತೆಗೆಯಬೇಕಿತ್ತಲ್ಲ? ಅಳೆಯುವಷ್ಟು ವ್ಯತ್ಯಾಸವೇ ಸಿಗಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2017ರಲ್ಲಿ, ಅಂದರೆ ಕಾಲೇಜುಗಳೆಲ್ಲ ಎಂದಿನಂತೆ ತೆರೆದಿದ್ದಾಗ. ಆನ್‌ಲೈನ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಹಾಗಾದರೆ ಲ್ಯಾಬ್ ದಂಡವೇ? ಅವರು ಹೇಳಿದ್ದು ಹಾಗಲ್ಲ. ಪುಸ್ತಕದಲ್ಲಿರುವ ಉತ್ತರವನ್ನೇ ಮತ್ತೆ ತೆಗೆದು ತೋರಿಸುವ ಲ್ಯಾಬಿನಿಂದ ಪಾಠಕ್ಕೆ ಲಾಭವಿಲ್ಲ. ಆದರೆ ಅಳೆಯುವುದನ್ನು, ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತೀರ್ಮಾನಿಸುವುದನ್ನು, ಸರಿ ಬರದಿದ್ದಾಗ ವಿಧಾನವನ್ನು ಬದಲಿಸುವುದನ್ನು ಲ್ಯಾಬ್ ಕಲಿಸಬಹುದು. ಉಪನ್ಯಾಸದಲ್ಲಿ ಕೂತು ಇದನ್ನು ಕಲಿಯಲಾಗದು.

ನಮ್ಮ ಕಡೆ ಪಿಯುಸಿ ಸೈನ್ಸ್ ಮಾಡಿದವರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತಿರುತ್ತದೆ. ಸೀನಿಯರ್ ಕೊಟ್ಟ ರೆಕಾರ್ಡ್ ಬುಕ್ ಪಕ್ಕದಲ್ಲಿರುತ್ತದೆ. ಗುರುತ್ವ ವೇಗೋತ್ಕರ್ಷ, ಅಂದರೆ 'g', 9.8 ಬರಬೇಕು ಎಂದು ಎಲ್ಲರಿಗೂ ಗೊತ್ತು. 9.2 ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದರಾಯಿತು. ವೈವಾದಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ವಿಜ್ಞಾನದ ತರಗತಿಯಲ್ಲೇ ಅಂಕಿಗಳನ್ನು ಕಟ್ಟುವುದು ಅಭ್ಯಾಸವಾಗುತ್ತದೆ ಎನ್ನುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಮನೆಯಲ್ಲಿ ನೋಡುವವರಿಲ್ಲ, ಆದ್ದರಿಂದ ಅದು ಇನ್ನೂ ಸುಲಭ. ದೂರದಿಂದ ನಡೆಸುವ ಲ್ಯಾಬಿನ ನಿಜವಾದ ಕಷ್ಟ ಇರುವುದು ಇಲ್ಲಿ. ಉಪಕರಣದ ಮಾತು ಆಮೇಲೆ.

'ಆನ್‌ಲೈನ್ ಲ್ಯಾಬ್' ಅಂದರೆ ಒಂದೇ ಅಲ್ಲ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ದಿಢೀರನೆ ಮುಚ್ಚಿದಾಗ ಜಗತ್ತಿನಾದ್ಯಂತ ಉಪನ್ಯಾಸಕರು ಕೈಗೆ ಸಿಕ್ಕ ದಾರಿ ಹಿಡಿದರು. ಎಲ್ಲಕ್ಕಿಂತ ಸುಲಭವಾದದ್ದು ಅವರೇ ಪ್ರಯೋಗ ಮಾಡಿ ವಿಡಿಯೋ ಕಳಿಸುವುದು. ವಿದ್ಯಾರ್ಥಿ ಅದನ್ನು ನೋಡಿ ಅವರ ರೀಡಿಂಗನ್ನೇ ಬರೆದುಕೊಳ್ಳುತ್ತಾನೆ. ಅಡುಗೆಯ ಹೋಲಿಕೆ ಈ ಬಗೆಗೆ ಸರಿಯಾಗಿಯೇ ಹೊಂದುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ಸಿಮ್ಯುಲೇಷನ್ ಎನ್ನುವುದು ಬೇರೆ. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಬ್ಯಾಟರಿ, ಬಲ್ಬು, ತಂತಿಗಳ ಚಿತ್ರಗಳನ್ನು ಎಳೆದು ಜೋಡಿಸಿದರೆ ಸರ್ಕ್ಯೂಟ್ ನಡೆಯುತ್ತದೆ. ಇದರಲ್ಲಿ ಹೆಸರಾದದ್ದು ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್'. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಅದೇ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು. ಉಚಿತ, ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ. ನಮ್ಮಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ 'ವರ್ಚುವಲ್ ಲ್ಯಾಬ್ಸ್' ಇದೆ. ದೆಹಲಿ ಐಐಟಿ ಅದರ ಮುಖ್ಯ ಸಂಸ್ಥೆ, ಸುರತ್ಕಲ್ಲಿನ ಎನ್‌ಐಟಿಕೆ ಕೂಡ ಪಾಲುದಾರ.

ಸಿಮ್ಯುಲೇಷನ್ ಅಂದರೆ ಆಟ ಎಂದು ತಳ್ಳಿಹಾಕುವವರು 2005ರ ಒಂದು ಅಧ್ಯಯನವನ್ನು ಗಮನಿಸಬೇಕು. ಕೊಲೊರಾಡೊದಲ್ಲಿ ಕೆಲವು ವಿದ್ಯಾರ್ಥಿಗಳು ನಿಜವಾದ ತಂತಿ ಮತ್ತು ಬಲ್ಬುಗಳಿಂದ ಸರ್ಕ್ಯೂಟ್ ಕಲಿತರು, ಇನ್ನು ಕೆಲವರು ಫೆಟ್‌ನಲ್ಲಿ ಕಲಿತರು. ಕೊನೆಗೆ ಎಲ್ಲರಿಗೂ ನಿಜವಾದ ಸರ್ಕ್ಯೂಟ್ ಕಟ್ಟಲು ಹೇಳಿದಾಗ ಫೆಟ್‌ನಲ್ಲಿ ಕಲಿತವರೇ ಮುಂದಿದ್ದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವುದರಲ್ಲೂ ಅವರೇ ಮೇಲು. ನಿಜವಾದ ತಂತಿಯೊಳಗೆ ಏನು ಹರಿಯುತ್ತದೆ ಎಂದು ಕಾಣುವುದಿಲ್ಲ. ಸಿಮ್ಯುಲೇಷನ್ನಿನಲ್ಲಿ ಎಲೆಕ್ಟ್ರಾನುಗಳು ಸಾಲಾಗಿ ಹೋಗುವುದು ಕಾಣುತ್ತದೆ.

ಅದರ ಮಿತಿಯೂ ಅಲ್ಲೇ ಇದೆ. ಸಿಮ್ಯುಲೇಷನ್ನಿನಲ್ಲಿ ತಂತಿ ಸಡಿಲವಾಗುವುದಿಲ್ಲ, ಗಾಳಿ ಬೀಸುವುದಿಲ್ಲ, ಸ್ಟಾಪ್‌ವಾಚ್ ಒತ್ತುವ ಬೆರಳು ತಡಮಾಡುವುದಿಲ್ಲ. ಪ್ರೋಗ್ರಾಮಿನೊಳಗೆ ಬರೆದಿಟ್ಟ ಸೂತ್ರವೇ ಹೊರಗೆ ಬರುತ್ತದೆ. ಪರಿಕಲ್ಪನೆ ತಿಳಿಯಲು ಅದು ಚೆನ್ನ, ಅಳತೆ ಕಲಿಯಲು ಸಾಲದು.

ಇನ್ನೊಂದು ಬಗೆಯೂ ಉಂಟು: ಉಪಕರಣ ನಿಜವಾದದ್ದು, ನೀವು ದೂರದಲ್ಲಿ. ಸ್ವೀಡನ್ನಿನ ಬ್ಲೆಕಿಂಗೆ ತಾಂತ್ರಿಕ ಸಂಸ್ಥೆಯ 'ವಿಸಿರ್' ಎನ್ನುವ ವ್ಯವಸ್ಥೆಯಲ್ಲಿ ನೀವು ಪರದೆಯ ಮೇಲೆ ಜೋಡಿಸಿದ ಸರ್ಕ್ಯೂಟನ್ನು ಅಲ್ಲಿರುವ ಯಂತ್ರ ನಿಜವಾಗಿ ಜೋಡಿಸಿ ಅಳೆದು ಕಳಿಸುತ್ತದೆ. ಒಳ್ಳೆಯ ಉಪಾಯ, ಆದರೆ ಅದನ್ನು ಕಟ್ಟಿ ನಡೆಸಲು ಹಣ ಬೇಕು.

ಉಳಿದದ್ದು ಪ್ರಯೋಗವನ್ನೇ ಮನೆಗೆ ತರುವುದು. ಇದು ಕೊರೊನಾ ಕಾಲದ ಆವಿಷ್ಕಾರವಲ್ಲ. 1971ರಲ್ಲಿ ಪಾಠ ಶುರುಮಾಡಿದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪ್ರಯೋಗದ ಪೆಟ್ಟಿಗೆಗಳನ್ನು ಕಳಿಸುತ್ತಿತ್ತು. ಅದರಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ಸೂಕ್ಷ್ಮದರ್ಶಕವೂ ಇರುತ್ತಿತ್ತು.

ಬೀಗ ತೂಗಿಬಿಟ್ಟು ಭೂಮಿಯ ಸೆಳೆತ ಅಳೆಯುವುದು

ಇವತ್ತೇ ಮಾಡಿನೋಡಬಹುದಾದ್ದು ಇದು. ಒಂದು ಬೀಗಕ್ಕೆ ದಾರ ಕಟ್ಟಿ ಕಿಟಕಿಯ ಸರಳಿಗೆ ತೂಗಿಬಿಡಿ. ಗಂಟಿನಿಂದ ಬೀಗದ ನಡುಮಧ್ಯಕ್ಕೆ ಸರಿಯಾಗಿ 1 ಮೀಟರ್ ಇರಲಿ. ಸ್ವಲ್ಪ ಪಕ್ಕಕ್ಕೆಳೆದು ಬಿಡಿ. ಒಂದು ಸಲ ಹೋಗಿ ವಾಪಸ್ ಬರಲು ಸುಮಾರು 2 ಸೆಕೆಂಡ್ ಹಿಡಿಯುತ್ತದೆ. ಉದ್ದವನ್ನು (ಮೀಟರಿನಲ್ಲಿ) 39.48ರಿಂದ ಗುಣಿಸಿ, ಆ ಸಮಯದ ವರ್ಗದಿಂದ ಭಾಗಿಸಿದರೆ 'g' ಸಿಗುತ್ತದೆ. ಲೋಲಕದ ಸೂತ್ರ ಅಷ್ಟೇ.

ಈಗ ಮುಖ್ಯ ವಿಷಯ. ಸ್ಟಾಪ್‌ವಾಚ್ ಒತ್ತುವಾಗ ನಮ್ಮ ಬೆರಳು 0.2 ಸೆಕೆಂಡ್ ಆಚೀಚೆ ಆಗುವುದು ಸಹಜ. ಒಂದೇ ತೂಗು ಅಳೆದರೆ 2.2 ಸೆಕೆಂಡ್ ಬರಬಹುದು, 1.8 ಕೂಡ ಬರಬಹುದು. ಮೊದಲನೆಯದಕ್ಕೆ 'g' 8.2, ಎರಡನೆಯದಕ್ಕೆ 12.2! ಇದು ಅಳತೆ ಎನ್ನಿಸಿಕೊಳ್ಳುವುದಿಲ್ಲ. ಅದೇ 20 ತೂಗುಗಳನ್ನು ಒಟ್ಟಿಗೆ ಅಳೆದು 20ರಿಂದ ಭಾಗಿಸಿ. ಸುಮಾರು 40.2 ಸೆಕೆಂಡಿನಲ್ಲಿ 0.2 ಸೆಕೆಂಡಿನ ತಪ್ಪು. ಈಗ ಉತ್ತರ 9.7ರಿಂದ 9.9ರ ಒಳಗೇ ಬರುತ್ತದೆ. ಬೀಗ ಅದೇ, ಫೋನ್ ಅದೇ, ಬೆರಳೂ ಅದೇ. ಬದಲಾದದ್ದು ವಿಧಾನ ಮಾತ್ರ.

ಆದರೆ 9.7ರಿಂದ 9.9 ಅಂದರೆ ಪುಸ್ತಕದ 9.81 ಸರಿಯೋ, ಬೇರೆ ಸಂಖ್ಯೆ ಸರಿಯೋ ಎಂದು ನಿಮ್ಮ ಬೀಗ ಹೇಳಲಾರದು. ಅಂದಹಾಗೆ 'g' ಎಲ್ಲ ಕಡೆಯೂ ಒಂದೇ ಅಲ್ಲ: ಧ್ರುವಗಳ ಹತ್ತಿರ 9.83, ಸಮಭಾಜಕದ ಹತ್ತಿರ 9.78. ಬೆಂಗಳೂರಿನಲ್ಲೂ ಸುಮಾರು 9.78. ಹಾಗಾಗಿ ಬೆಂಗಳೂರಿನ ಮನೆಯೊಂದರಲ್ಲಿ ದಾರ ಮತ್ತು ಬೀಗದಿಂದ ಅಳೆದ ವಿದ್ಯಾರ್ಥಿ "ನನಗೆ 9.81 ಬಂತು" ಎಂದು ಹತ್ತಕ್ಕೆ ಹತ್ತು ಸಲವೂ ಬರೆದರೆ, ಮೆಚ್ಚುವ ಬದಲು ಸ್ವಲ್ಪ ಅನುಮಾನದಿಂದ ನೋಡಬೇಕು. ರೀಡಿಂಗ್‌ಗಳು ಚೂರು ಚೂರು ಚದುರಿರುವುದೇ ನಿಜವಾಗಿ ಅಳೆದದ್ದಕ್ಕೆ ಗುರುತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಸಣ್ಣಗೆ ತೂಗಿದರೂ ದೊಡ್ಡದಾಗಿ ತೂಗಿದರೂ ಲೋಲಕದ ಸಮಯ ಒಂದೇ ಎಂದು ಓದಿದ್ದೇವೆ. ಅದು ಸರಿಸುಮಾರು ನಿಜ. 10 ಡಿಗ್ರಿಯಿಂದ ಬಿಟ್ಟಾಗಿನ ಸಮಯಕ್ಕೂ 20 ಡಿಗ್ರಿಯಿಂದ ಬಿಟ್ಟಾಗಿನ ಸಮಯಕ್ಕೂ ಶೇ. 0.6ರಷ್ಟು ವ್ಯತ್ಯಾಸವಿದೆ. 20 ತೂಗುಗಳಲ್ಲಿ ಅದು ಹೆಚ್ಚುಕಡಿಮೆ 0.23 ಸೆಕೆಂಡ್. ನಿಮ್ಮ ಬೆರಳಿನ ತಪ್ಪಿನಷ್ಟೇ! ಒಂದು ಸಲ ಅಳೆದವರಿಗೆ ಅದು ಕಾಣುವುದಿಲ್ಲ. ಹಲವು ಸಲ ಅಳೆದು ಸರಾಸರಿ ತೆಗೆದವರಿಗೆ "ಇದೇನು, ಪುಸ್ತಕ ಹೇಳಿದ ಹಾಗೆ ಬರುತ್ತಿಲ್ಲವಲ್ಲ" ಎನ್ನಿಸಲು ಶುರುವಾಗುತ್ತದೆ. ತೂಗುಗಳ ಸಂಖ್ಯೆಯನ್ನು ಸುಮ್ಮನೆ ಹೆಚ್ಚಿಸುತ್ತ ಹೋದರೆ ಬೇರೆ ತೊಂದರೆ: ಅಷ್ಟು ಹೊತ್ತಿಗೆ ತೂಗಾಟವೇ ಚಿಕ್ಕದಾಗಿ ಕೋನ 20 ಡಿಗ್ರಿ ಉಳಿದಿರುವುದಿಲ್ಲ. ಏನು ಮಾಡಬೇಕೆಂದು ವಿದ್ಯಾರ್ಥಿಯೇ ಯೋಚಿಸಬೇಕು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೊದಲ ವರ್ಷದ ಲ್ಯಾಬಿನಲ್ಲಿ ಮಾಡಿದ್ದು ಇದನ್ನೇ. ಎರಡು ಕೋನಗಳ ಅಳತೆಯನ್ನು ಹೋಲಿಸಿ, ವಿಧಾನ ಸುಧಾರಿಸಿ, ಮತ್ತೆ ಅಳೆಯಿರಿ ಎಂದು ಬಿಟ್ಟುಬಿಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಳೆಯ ಕ್ರಮದಲ್ಲಿ ಕಲಿತವರಿಗೆ ಹೋಲಿಸಿದರೆ ಇವರು ಯಾರೂ ಹೇಳದೆ ತಾವಾಗಿ ವಿಧಾನವನ್ನು ಸುಧಾರಿಸಲು ಹೊರಡುವ ಸಾಧ್ಯತೆ 12 ಪಟ್ಟು ಹೆಚ್ಚಿತ್ತು. ಅದು ನಡೆದದ್ದು ಕಾಲೇಜಿನ ಲ್ಯಾಬಿನೊಳಗೆ, ನಿಜ. ಆದರೆ ಅದಕ್ಕೆ ಬೇಕಾದ ಸಾಮಾನುಗಳಲ್ಲಿ ನಿಮ್ಮ ಮನೆಯಲ್ಲಿ ಇಲ್ಲದ್ದು ಯಾವುದೂ ಇಲ್ಲ.

ಫೋನ್ ಎಲ್ಲಿ ಬಂತು?

ನೀವು ಫೋನನ್ನು ಅಡ್ಡ ಮಾಡಿದಾಗ ಪರದೆಯೂ ಅಡ್ಡವಾಗುತ್ತದಲ್ಲ, ಅದು ಗೊತ್ತಾಗುವುದು ಒಳಗಿರುವ ಆಕ್ಸೆಲೆರೋಮೀಟರ್ ಎಂಬ ಸಣ್ಣ ಸೆನ್ಸರಿನಿಂದ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ 'ಫೈಫಾಕ್ಸ್' ಎಂಬ ಆ್ಯಪ್ ಫೋನಿನ ಸೆನ್ಸರುಗಳು ಅಳೆಯುವುದನ್ನು ನೇರವಾಗಿ ತೋರಿಸುತ್ತದೆ, ಅಂಕಿಗಳನ್ನು ಫೈಲಾಗಿ ಉಳಿಸಲೂ ಬಿಡುತ್ತದೆ.

ಮೊದಲ ಸಲ ತೆರೆದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಮೇಜಿನ ಮೇಲೆ ಸುಮ್ಮನೆ ಮಲಗಿಸಿದ ಫೋನು ವೇಗೋತ್ಕರ್ಷ ಸುಮಾರು 9.8 ಎಂದು ತೋರಿಸುತ್ತದೆ. ಫೋನ್ ಕೆಟ್ಟಿಲ್ಲ. ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿರುವುದು ಆ ಸೆನ್ಸರಿಗೆ ತಿಳಿಯುತ್ತದೆ. ಫೋನನ್ನು ಹಾಸಿಗೆಯ ಮೇಲೆ ಬೀಳಿಸಿದರೆ (ದಯವಿಟ್ಟು ಹಾಸಿಗೆಯ ಮೇಲೇ) ಬೀಳುವ ಆ ಕ್ಷಣದಲ್ಲಿ ರೀಡಿಂಗ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ.

ನನಗೆ ಇಷ್ಟವಾದ ಪ್ರಯೋಗ ಶಬ್ದದ ವೇಗದ್ದು. ಇಬ್ಬರು, ಎರಡು ಫೋನು, ನಡುವೆ 5 ಮೀಟರ್. ಆ್ಯಪಿನಲ್ಲಿರುವ ಶಬ್ದದ ಸ್ಟಾಪ್‌ವಾಚ್ ಒಂದು ಚಪ್ಪಾಳೆಗೆ ಶುರುವಾಗಿ ಇನ್ನೊಂದಕ್ಕೆ ನಿಲ್ಲುತ್ತದೆ. ಮೊದಲನೆಯವರು ತಮ್ಮ ಫೋನಿನ ಪಕ್ಕ ಚಪ್ಪಾಳೆ ತಟ್ಟುತ್ತಾರೆ: ಅವರ ಫೋನು ತಕ್ಷಣ ಶುರು, ಆಚೆಯದು ಶಬ್ದ ತಲುಪಿದ ಮೇಲೆ ಶುರು. ಆಮೇಲೆ ಎರಡನೆಯವರು ತಟ್ಟುತ್ತಾರೆ: ಅವರ ಫೋನು ತಕ್ಷಣ ನಿಲ್ಲುತ್ತದೆ, ಈಚೆಯದು ತಡವಾಗಿ. ಎರಡು ಫೋನುಗಳ ಸಮಯದ ವ್ಯತ್ಯಾಸ ಅಂದರೆ ಶಬ್ದ 10 ಮೀಟರ್ ಕ್ರಮಿಸಲು ಹಿಡಿದ ಸಮಯ, 0.029 ಸೆಕೆಂಡಿನ ಆಸುಪಾಸು. ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. ಎರಡೂ ಫೋನುಗಳ ಗಡಿಯಾರ ಹೊಂದಿಸುವ ಅಗತ್ಯವೇ ಇಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಮಾತ್ರ ಎಲ್ಲ ಕೆಡುತ್ತದೆ, ಮತ್ತೆ ಮಾಡಬೇಕು.

ಮನೆಯಲ್ಲೇ ಕೂತು ಸೂರ್ಯನ ಬಗ್ಗೆ ಹೊಸ ವಿಷಯ

ಕೊಲೊರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ಸಿನಲ್ಲಿ ಮೊದಲ ಹಂತದ ಪ್ರಾಯೋಗಿಕ ಭೌತಶಾಸ್ತ್ರದ ಕೋರ್ಸನ್ನು ನಡೆಸುತ್ತಿದ್ದ ಹೆದರ್ ಲೆವಾಂಡೊವ್ಸ್ಕಿ ಅವರಿಗೂ 2020ರಲ್ಲಿ ಇದೇ ತಲೆನೋವು: ನೂರಾರು ಮಕ್ಕಳು, ಲ್ಯಾಬ್ ಬಂದ್. ಅವರು ಉಪಕರಣದ ಯೋಚನೆಯನ್ನೇ ಬಿಟ್ಟು, ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ವಿದ್ಯಾರ್ಥಿಗಳ ಮುಂದಿಟ್ಟರು.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಹೊರಗಿನ ವಾತಾವರಣ 10 ಲಕ್ಷ ಡಿಗ್ರಿಗಿಂತಲೂ ಬಿಸಿ. ಒಲೆಯಿಂದ ದೂರ ಹೋದಂತೆ ಶಾಖ ಹೆಚ್ಚಿದ ಹಾಗೆ! ಆ ಹೊರಪದರದ ಹೆಸರೂ ಕೊರೊನಾ ಎಂದೇ. ವೈರಸ್ಸಿಗೂ ಸೂರ್ಯನಿಗೂ ಈ ಹೆಸರು ಬಂದದ್ದು ಕಿರೀಟ ಎನ್ನುವ ಲ್ಯಾಟಿನ್ ಪದದಿಂದ. ಕಣ್ಣಿಗೆ ಕಾಣದಷ್ಟು ಚಿಕ್ಕ ಲೆಕ್ಕವಿಲ್ಲದಷ್ಟು ಸೌರಜ್ವಾಲೆಗಳು ಸೇರಿ ಅದನ್ನು ಬಿಸಿಮಾಡುತ್ತಿರಬಹುದು ಎನ್ನುವುದು ಒಂದು ಊಹೆ.

ಮೂರು ಸೆಮಿಸ್ಟರುಗಳಲ್ಲಿ ಸುಮಾರು 1,000 ವಿದ್ಯಾರ್ಥಿಗಳು ಉಪಗ್ರಹದ ದತ್ತಾಂಶ ಇಟ್ಟುಕೊಂಡು 600ಕ್ಕೂ ಹೆಚ್ಚು ಸೌರಜ್ವಾಲೆಗಳ ಶಕ್ತಿಯನ್ನು ಲೆಕ್ಕ ಹಾಕಿದರು. ಜ್ವಾಲೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಅದಕ್ಕೆ ಮುಂಚಿನ ಮಾಮೂಲಿ ಬೆಳಕು ಎಷ್ಟು ಎಂಬುದನ್ನು ಗ್ರಾಫ್ ನೋಡಿ ತೀರ್ಮಾನಿಸಬೇಕಿತ್ತು. ಯಾವ ಸೀನಿಯರ್ ರೆಕಾರ್ಡಿನಲ್ಲೂ ಅದು ಸಿಗುವಂತಿರಲಿಲ್ಲ. 2023ರ ಮೇ ತಿಂಗಳಲ್ಲಿ 'ದಿ ಆಸ್ಟ್ರೋಫಿಸಿಕಲ್ ಜರ್ನಲ್'ನಲ್ಲಿ ಅವರ ಪ್ರಬಂಧ ಬಂತು. ಸಣ್ಣ ಜ್ವಾಲೆಗಳ ಊಹೆ ನಿಲ್ಲಬೇಕಾದರೆ ಒಂದು ನಿರ್ದಿಷ್ಟ ಸಂಖ್ಯೆ 2ಕ್ಕಿಂತ ಹೆಚ್ಚಿರಬೇಕಿತ್ತು. ಅವರಿಗೆ ಸಿಕ್ಕದ್ದು 1.63. ಅಂದರೆ ಆ ಊಹೆ ಬಹುಶಃ ಸಾಲದು, ಬೇರೆ ಕಾರಣವನ್ನೂ ಹುಡುಕಬೇಕು.

ಹಾಗಾದರೆ ಕಾಲೇಜಿನ ಲ್ಯಾಬ್ ಮುಚ್ಚಬಹುದೇ?

ಬೇಡ. ವರ್ನಿಯರ್ ಕ್ಯಾಲಿಪರ್ ಹಿಡಿಯುವುದು, ಸ್ಪೆಕ್ಟ್ರೋಮೀಟರ್ ಹೊಂದಿಸುವುದು ಕೈಗೆ ಬರಬೇಕಾದರೆ ಕೈಯಲ್ಲೇ ಹಿಡಿಯಬೇಕು. ಸರ್ಕ್ಯೂಟ್ ನಡೆಯದಿದ್ದಾಗ ಪಕ್ಕದ ಬೆಂಚಿನವರು ಬಂದು "ಆ ತಂತಿ ಸಡಿಲ ಇದೆ ನೋಡು" ಎನ್ನುವುದು ವಿಡಿಯೋ ಕಾಲಿನಲ್ಲಿ ಆಗುವುದಿಲ್ಲ. ಲೇಸರ್, ಗೋಡೆಯ ಪ್ಲಗ್ಗಿನ ಕರೆಂಟ್, ಸೂರ್ಯನಿಗೆ ಲೆನ್ಸ್ ಹಿಡಿಯುವುದು, ಇವು ಯಾವುವನ್ನೂ ಮನೆಯಲ್ಲಿ ಒಬ್ಬರೇ ಮಾಡಬಾರದು. ಇಗ್ನೋದಂತಹ ದೂರಶಿಕ್ಷಣ ಸಂಸ್ಥೆ ಕೂಡ ಬಿ.ಎಸ್ಸಿ. ಲ್ಯಾಬಿಗೆ ಅಧ್ಯಯನ ಕೇಂದ್ರಕ್ಕೆ ಬನ್ನಿ ಎಂದೇ ಹೇಳುತ್ತದೆ.

"ಎಲ್ಲರ ಹತ್ತಿರ ಫೋನ್ ಇದೆಯಲ್ಲ" ಎನ್ನುವ ಮಾತೂ ಪೂರ್ತಿ ಸರಿಯಲ್ಲ. ಆಕ್ಸೆಲೆರೋಮೀಟರ್ ಮತ್ತು ಮೈಕ್ ಬಹುತೇಕ ಎಲ್ಲ ಸ್ಮಾರ್ಟ್‌ಫೋನುಗಳಲ್ಲೂ ಇರುತ್ತವೆ, ಆದರೆ ಕಡಿಮೆ ಬೆಲೆಯವುಗಳಲ್ಲಿ ಗೈರೊಸ್ಕೋಪ್, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಎಷ್ಟೋ ಸಲ ಇರುವುದಿಲ್ಲ. ಮನೆಗೆ ಒಂದೇ ಫೋನಿದ್ದು, ಅದು ಸಂಜೆ ಅಪ್ಪ ಕೆಲಸದಿಂದ ಬಂದ ಮೇಲೆ ಸಿಗುವಂಥದ್ದಾದರೆ ಎರಡು ಫೋನಿನ ಚಪ್ಪಾಳೆ ಪ್ರಯೋಗ ಹೇಗೆ? ದೂರದಿಂದ ಲ್ಯಾಬ್ ನಡೆಸುವವರು ಮೊದಲು ದಾರ ಮತ್ತು ಬೀಗದಿಂದ ಆಗುವುದನ್ನು ಕೊಡಲಿ, ಸೆನ್ಸರ್ ಬೇಕಾದದ್ದು ಆಮೇಲೆ.

ನಿಮ್ಮ ಮಗನಿಗೋ ತಂಗಿಗೋ ಕಾಲೇಜು ಆನ್‌ಲೈನ್ ಲ್ಯಾಬ್ ಕೊಟ್ಟಿದ್ದರೆ ಎರಡು ವಿಷಯ ಕೇಳಿನೋಡಿ. ಅಂಕಿಗಳನ್ನು ಅಳೆದದ್ದು ಯಾರು? ಮಾರ್ಕ್ಸ್ ಕೊಡುವುದು 9.8 ಬಂದದ್ದಕ್ಕೋ, ಅಥವಾ ಅಳೆದ ರೀತಿ, ಚದುರಿದ ರೀಡಿಂಗ್‌ಗಳು, ತಪ್ಪು ಎಲ್ಲಿ ನುಸುಳಿತು ಎಂಬ ಟಿಪ್ಪಣಿ ಇವುಗಳಿಗೋ? ಎರಡನೆಯದಕ್ಕೆ ಮಾರ್ಕ್ಸ್ ಸಿಗುವ ಕಡೆ ಅಂಕಿ ಕಟ್ಟಿ ಬರೆಯುವುದರಿಂದ ಲಾಭವೇ ಇರುವುದಿಲ್ಲ.

ಮತ್ತೆ ಆ ಫಾರ್ವರ್ಡ್ ವಿಷಯ. ಫೈಫಾಕ್ಸ್ ಮತ್ತು ಫೆಟ್‌ನ ವೆಬ್‌ಸೈಟ್ ಎರಡೂ ಉಚಿತ. ಫೈಫಾಕ್ಸ್ ಖಾತೆ ತೆರೆಯಲು ಕೇಳುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ, ಜಾಹೀರಾತೂ ಇಲ್ಲ. ಶಬ್ದದ ಪ್ರಯೋಗಕ್ಕೆ ಮೈಕಿನ ಅನುಮತಿ ಕೇಳುತ್ತದೆ, ಅದು ಸಹಜ. "ಫಿಸಿಕ್ಸ್ ಲ್ಯಾಬ್ ಆ್ಯಪ್" ಎಂದು ಬಂದ ಲಿಂಕ್ ಒಟಿಪಿಯನ್ನೋ ನೋಂದಣಿ ಶುಲ್ಕವನ್ನೋ ಕೇಳಿದರೆ ಒತ್ತಬೇಡಿ. ಫೋನಿನ ಅಧಿಕೃತ ಆ್ಯಪ್ ಸ್ಟೋರಿನಲ್ಲಿ ಹೆಸರು ಹುಡುಕಿ, ಆಖೆನ್ ವಿಶ್ವವಿದ್ಯಾಲಯದ್ದೇ ಎಂದು ಖಚಿತಪಡಿಸಿಕೊಂಡು ಅಲ್ಲಿಂದಲೇ ಹಾಕಿಕೊಳ್ಳಿ.